ಚಪ್ಪಟೆ ಮಗ್ಗುಲು

"ಗುರುಗಳೇ, ಅಣ್ಣನ ಮೇಲಿದ್ದ ಸಿಟ್ಟನ್ನು ಈ ಯುಗಾದಿಯಂದು ಅವನೆದುರೇ ಹೇಳಿ ಮುಗಿಸಿದೆ. ಇಬ್ಬರೂ ಅತ್ತೆವು. ಬೇವುಬೆಲ್ಲ ತಿಂದೆವು. ಆದರೂ ಅವನ ಮನೆಯ ಬಾಗಿಲು ತಟ್ಟಲು ಹೋದವನು ತಟ್ಟದೆಯೇ ಹಿಂದಿರುಗುತ್ತೇನೆ. ಒಳಗಿದ್ದುದು ಹೊರಗೆ ಬಂದ ಮೇಲೂ ಹೆದರಿಕೆ ಏಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಜಟಕಾದವನಿದ್ದ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ, ಒಂದು ಹೆಣ್ಣು ಕುದುರೆಯಿತ್ತು. ಅದು ಮೇವು ಮುಟ್ಟದೆ ಅವನು ಅನ್ನ ಮುಟ್ಟುತ್ತಿರಲಿಲ್ಲ. ಆ ಕುದುರೆಗೆ ಆಗಾಗ ಹೊಟ್ಟೆನೋವು ಬರುತ್ತಿತ್ತು. ಹುಲ್ಲು ಬಿಟ್ಟು ನಿಲ್ಲುವುದು, ಕಾಲಿನಿಂದ ನೆಲ ಕೆರೆಯುವುದು, ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುವುದು. ಒಂದೆರಡು ದಿನಕ್ಕೆ ತಾನಾಗಿಯೇ ಸರಿಹೋಗುತ್ತಿತ್ತು. ಅಷ್ಟರಲ್ಲಿ ಅವನಿಗೆ ಜೀವ ಬಾಯಿಗೆ ಬಂದಿರುತ್ತಿತ್ತು.

ಒಂದು ಬೆಳಿಗ್ಗೆ ಲದ್ದಿ ಬಾಚುವಾಗ ಅದರೊಳಗೆ ಒಂದು ಕಲ್ಲು ಸಿಕ್ಕಿತು. ನಿಂಬೆಹಣ್ಣಿನಷ್ಟು ದಪ್ಪ, ನುಣುಪು. ನೋವಿನ ಮೂಲವೇ ಕೈಗೆ ಬಂತೆಂದು ಅವನು ಕುಣಿದಾಡಿದ. ಕಲ್ಲನ್ನು ತೊಳೆದು ದನದ ಡಾಕ್ಟರ ಬಳಿಗೆ ಓಡಿದ.

ಡಾಕ್ಟರು ಕಲ್ಲನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಅವರು ನಗಲಿಲ್ಲ.

"ಮೇವಿನ ಜೊತೆ ಮೊಳೆಯನ್ನೋ ಕಲ್ಲಿನ ಚೂರನ್ನೋ ನುಂಗಿದ್ರೆ, ಕರುಳಲ್ಲಿ ಅದರ ಸುತ್ತ ಹಿಂಗೆ ಕಲ್ಲು ಬೆಳೆಯುತ್ತೆ. ಒಂದೇ ಇದ್ರೆ ದುಂಡಗೆ ಬೆಳೆಯುತ್ತೆ. ಈ ಮಗ್ಗುಲು ನೋಡಯ್ಯ, ಚಪ್ಪಟೆ. ಇನ್ನೊಂದು ಕಲ್ಲು ಪಕ್ಕದಲ್ಲಿ ಕೂತು ಇದನ್ನ ಉಜ್ಜಿದೆ. ಅದು ಇನ್ನೂ ಒಳಗೇ ಇರಬೇಕು. ಪೇಟೆಯ ದೊಡ್ಡಾಸ್ಪತ್ರೇಲಿ ಎಕ್ಸ್‌ರೇ ತೆಗೆಸು. ಕಂಡ್ರೆ ಹೊಟ್ಟೆ ಕೊಯ್ದು ತೆಗೀತಾರೆ, ಕುದುರೆ ಉಳಿಯುತ್ತೆ."

ಹೊಟ್ಟೆ ಕೊಯ್ಯುವ ಮಾತು ಕೇಳಿ ಅವನು ಬೆಚ್ಚಿಬಿದ್ದ. "ಕಲ್ಲು ಬಿದ್ದೋಯ್ತಲ್ಲ ಸ್ವಾಮಿ, ಇನ್ಯಾಕೆ ಎಕ್ಸ್‌ರೇ?" ಎಂದವನೇ ಕಲ್ಲನ್ನು ಕಿತ್ತುಕೊಂಡು ಮನೆಗೆ ಬಂದ.

ಬಂದು ಏನು ಮಾಡಿದ ಗೊತ್ತೇ? ಆ ಪುಣ್ಯಾತ್ಮ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟ. ಚಪ್ಪಟೆ ಮಗ್ಗುಲನ್ನು ಕೆಳಗೆ ಮಾಡಿ ಇಟ್ಟ. ಹಾಗಿಟ್ಟದ್ದರಿಂದಲೇ ಅದು ಉರುಳದೆ ಕೂತಿತು. ಬೀದಿಯವರು ಬಂದು ಕೈಮುಗಿದರು. ಎಷ್ಟು ದುಂಡಗಿದೆ ಎಂದರು. ಅವನೂ ಹೌದೆಂದ.

ಹೆದರಿಕೆ ಮಾತ್ರ ಗೂಡಿನಲ್ಲಿ ಕೂರಲಿಲ್ಲ. ಕುದುರೆ ಕತ್ತು ತಿರುಗಿಸಿದರೆ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದ. ನೊಣ ಓಡಿಸಲು ತಿರುಗಿಸಿದರೂ ಅಷ್ಟೇ. ದಿನವೂ ಲದ್ದಿಯನ್ನು ಕೈಯಿಂದ ಹಿಚುಕಿ ಹುಡುಕಿದ. ಕುದುರೆಯ ಹೊಟ್ಟೆಗೆ ಕಿವಿಯಿಟ್ಟು ಕೇಳಿದ. ಡಾಕ್ಟರ ಮನೆಯ ಬೀದಿಯಲ್ಲಿ ಗಾಡಿ ಹೊಡೆಯುವುದನ್ನೇ ಬಿಟ್ಟ. ಎಕ್ಸ್‌ರೇಯಲ್ಲಿ ಕಂಡರೆ ತಾನೇ ಕಲ್ಲು ಇರುವುದು, ನೋಡದೇ ಇದ್ದರೆ ಅದು ಎಲ್ಲಿಯದು ಎಂದು ತನಗೆ ತಾನೇ ಹೇಳಿಕೊಂಡ. ಹೀಗೆ ಹೇಳಿಕೊಳ್ಳುವುದಕ್ಕೆ ಬಹಳ ಬುದ್ಧಿ ಬೇಕು.

ಒಂದು ದಿನ ಕುದುರೆ ನೆಲಕ್ಕೆ ಬಿದ್ದು ಹೊರಳತೊಡಗಿತು. ಮೈಯೆಲ್ಲ ಬೆವರು. ಆಗ ಅವನು ಸಿಕ್ಕವರ ಕಾಲು ಹಿಡಿದು, ಅದನ್ನು ಲಾರಿಗೆ ಏರಿಸಿ, ದೊಡ್ಡಾಸ್ಪತ್ರೆಗೆ ಒಯ್ದ. ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಅವನು ಕಣ್ಣು ಮುಚ್ಚಿಕೊಂಡು ನಿಂತಿದ್ದ. ಕೊನೆಗೆ ತೆರೆದ. ಕಪ್ಪಿನ ನಡುವೆ ತೆಂಗಿನಕಾಯಿಯಷ್ಟು ದೊಡ್ಡ ಬಿಳಿ ಕಲ್ಲು. ಅದರ ಒಂದು ಮಗ್ಗುಲು ಚಪ್ಪಟೆ. ತನ್ನ ಗೂಡಿನ ಕಲ್ಲು ಕೂತಿದ್ದ ಜಾಗ ಅದು ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಕರುಳು ಆಗಲೇ ಒಡೆದಿತ್ತು. ಇನ್ನು ಕೊಯ್ದೂ ಫಲವಿಲ್ಲ ಎಂದರು. ಕುದುರೆ ಅವನ ಕೈಯನ್ನು ಒಮ್ಮೆ ಮೂಸಿತು, ಅಲ್ಲೇ ಸತ್ತಿತು.

ಗುರುಗಳು ಕತೆ ನಿಲ್ಲಿಸಿದರು. "ಆಮೇಲೆ ಅವನು ಆ ಗೂಡಿನ ಕಲ್ಲನ್ನು ಏನು ಮಾಡಿದ, ಗುರುಗಳೇ?" ಎಂದು ಶಿಷ್ಯ ಕೇಳಿದ.

"ಅವನ ಕಲ್ಲು ಹಾಗಿರಲಿ, ಯುಗಾದಿಯಂದು ಅಣ್ಣನ ಮುಂದೆ ಇಟ್ಟೆಯಲ್ಲ, ಆ ಮಾತನ್ನು ಈಗ ಮಗುಚಿ ಕೆಳಗಿನ ಮಗ್ಗುಲು ತೋರಿಸು."