ಗಂಡಸ್ತನದ ಪುಡಿ ಕುಡಿದ ಮಂಟೇಲಿಂಗ

ಕೂತ್ಕೊಳ್ಳಿ, ಹೇಳ್ತೀನಿ. ನಗು ಬಂದ್ರೆ ನಗಿ, ನಡುವೆ ಮಾತ್ರ ಏಳಬೇಡಿ.

ಕೊಳ್ಳೇಗಾಲದಲ್ಲಿ ಸಣ್ಣತಾಯಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಒಬ್ಬನೇ ಮಗ, ಮಂಟೇಲಿಂಗ. ವಯಸ್ಸು ಮೂವತ್ತೆಂಟು, ಬುದ್ಧಿ ಮಾತ್ರ ಎಂಟಕ್ಕೇ ನಿಂತಿತ್ತು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಓರಗೆಯವರಿಗೆಲ್ಲ ಮದುವೆಯಾಗಿ, ಸಂಜೆಯಾದ್ರೆ ಅವನ ಜೊತೆ ಮಾತಾಡೋಕೆ ಒಂದು ಜೀವ ಇರಲಿಲ್ಲ. ಜಗುಲಿ ಮೇಲೆ ಒಬ್ಬನೇ ಕೂತಿರೋನು.

"ನಾನು ಕಣ್ಣು ಮುಚ್ಚಿದ್ರೆ ನಿಂಗ್ಯಾರೋ ದಿಕ್ಕು?" ಅಂತ ತಾಯಿ ಕೊರಗೋಳು.

ಒಂದಿನ ಜಿಮ್ ಪಕ್ಕದ ಅಂಗಡಿಯವನು ಇವನನ್ನ ಕರೆದ. "ಬಾರಣ್ಣ! ಟೆಸ್ಟೋಸ್ಟಿರಾನ್ ಬೂಸ್ಟರ್! ಗಂಡಸ್ತನ ಹೆಚ್ಚಿಸೋ ಪುಡಿ! ಹಾಲಿಗೆ ಒಂದು ಚಮಚ ಹಾಕ್ಕೊಂಡು ಕುಡಿ, ಹೆಣ್ಣು ತಾನಾಗೇ ನಿನ್ನ ಹಿಂದೆ ಬತ್ತದೆ!"

ಡಬ್ಬಿ ತಗೊಂಡ. ಕುಡಿದ. ಒಂದು ಹಿಡಿ ಜೇಬಿಗೂ ಸುರ್ಕೊಂಡು ಬೀದಿಗೆ ಹೋದ. ಪುಡೀಲಿ ಮುಕ್ಕಾಲು ಪಾಲು ಮೆಂತ್ಯ. ವಾಸನೆ ಹಿಡಿದು ಒಂದು ಮೇಕೆ ಹಿಂದೆ ಬಂತು. ನಡುಮನೆಗೇ ಕರ್ಕೊಂಡು ಬಂದ.

"ಅವ್ವಾ, ಬಂತು! ಹೆಣ್ಣೇ ಕಣವ್ವ, ಬೇಕಾದ್ರೆ ಕೆಚ್ಚಲು ನೋಡು!"

"ಅಯ್ಯೋ ನನ್ನ ಹಣೇಬರಾವೆ! ಹಿಂದೆ ಬಂದದ್ದನ್ನೆಲ್ಲ ಮನೆಗೆ ಕರ್ಕೊಂಡು ಬತ್ತಾರಾ? ಕೋಲು ತಗೊಂಡು ಅಟ್ಬೇಕು!"

"ಆಯ್ತವ್ವ!"

ತಾಯಿ ಮಗನಿಗೆ ಒಂದು ಸಂಬಂಧ ಹುಡುಕಿಟ್ಟಿದ್ಲು. ಮಾರನೇ ದಿನ ಹನೂರಿನ ರಾಜಮಣಿ ಅನ್ನೋ ಆ ಹುಡುಗಿಯ ಸೋದರತ್ತೆ, ಗಂಡಿನ ಮನೆ ನೋಡೋಕೆ ಅಂತ ಬಂದ್ಲು. ದಾರಿ ಗೊತ್ತಾಗದೆ, ಬೀದೀಲಿ ಹೋಗ್ತಿದ್ದ ಇವನ ಹಿಂದೇನೇ ನಡೆದ್ಲು. ಇವನು ತಿರುಗಿ ನೋಡಿದ. ಕೋಲು ಎತ್ತಿದ. "ಹೋಯ್! ಹೋಯ್!" ಅಂತ ಬಸ್‌ಸ್ಟ್ಯಾಂಡಿನವರೆಗೂ ಅಟ್ಟಿದ!

ಸಣ್ಣತಾಯಮ್ಮ ಓಡಿಹೋಗಿ, ಅವಳ ಕೈಕಾಲು ಹಿಡಿದು, ಭಾನುವಾರ ಬರೋಕೆ ಒಪ್ಪಿಸಿ ಬಂದ್ಲು.

"ಲೋ ಪೆದ್ದೇ! ಮನೆಗೆ ಬಂದೋರ್ನ ಕೂರ್ಸಿ, ನೀನು ಏನು ಕುಡೀತೀಯೋ ಅದ್ನೇ ಅವ್ರಿಗೂ ಕೊಡ್ಬೇಕು ಕಣೋ!"

"ಆಯ್ತವ್ವ!"

ಭಾನುವಾರ ಸೋದರತ್ತೆ ಬಂದ್ಲು. ಕೂರಿಸಿದ. ಲೋಟ ತುಂಬ ಹಾಲು ಕೊಟ್ಟ. ಅರ್ಧ ಕುಡಿದು ಮುಖ ಕಿವುಚಿದ್ಲು. "ಏನಪ್ಪಾ ಇದು, ಇಷ್ಟು ಕಹಿ?"

"ಗಂಡಸ್ತನ ಹೆಚ್ಚಿಸೋ ಪುಡಿ ಕಣತ್ತೆ! ನಿಮಗೆ ಅಂತ ಎರಡು ಚಮಚ ಹಾಕಿವ್ನಿ!"

ಲೋಟ ಎಸೆದು, ಮೇಲ್ದುಟಿ ಸವರಿ ಸವರಿ ನೋಡ್ಕೊಂಡು ಹೊರಟೇಹೋದ್ಲು ಆಯಮ್ಮ.

ತಾಯಿ ತಲೆ ಚಚ್ಚಿಕೊಂಡ್ಲು. "ಇನ್ಮೇಲೆ ನಾನಿಲ್ದಾಗ ಯಾರು ಬಂದ್ರೂ ಬಾಗ್ಲು ತೆಗೀಬೇಡ! ತುಟಿ ಪಿಟಕ್ ಅನ್ಬೇಡ!"

"ಆಯ್ತವ್ವ!"

ಮೂರು ದಿನ ಕಳೀತು. ತಾಯಿ ರೇಷನ್ ಅಂಗಡಿಗೆ ಹೋಗಿದ್ಲು. ಯಾರೋ ಬಾಗಿಲು ತಟ್ಟಿದರು.

"ನಾನು ರಾಜಮಣಿ. ಅತ್ತೆ ಬಂದು ಹೇಳಿದ್ದು ಕೇಳಿ ಹೊಟ್ಟೆ ತುಂಬ ನಕ್ಕುಬುಟ್ಟೆ. ನಾನು ಹಂಗೆ ನಕ್ಕು ಎಷ್ಟು ವರ್ಸ ಆಗಿತ್ತೋ. ಪುಡಿ ಗಿಡಿ ಏನೂ ಬೇಡ, ನೀವೇ ಸಾಕು. ನಾಳೆ ನಂಗೆ ಬೇರೆ ಕಡೆ ತಾಂಬೂಲ ಬದ್ಲಾಯಿಸ್ತಾರೆ. ಬಾಗ್ಲು ತೆಗೀರಿ."

ಹುಟ್ಟಿದಾಗಿಂದ ಯಾರೂ ಅವನಿಗೆ 'ನೀವೇ ಸಾಕು' ಅಂದಿರಲಿಲ್ಲ. ಬಾಗಿಲಿಗೆ ಕೆನ್ನೆ ಒತ್ತಿಕೊಂಡು ನಿಂತ. ಅಳು ಬಂತು. ಟವೆಲ್ಲು ಕಚ್ಚಿಕೊಂಡ.

"ಇಷ್ಟ ಇಲ್ವಾ? ಒಂದು ಮಾತಾದ್ರೂ ಆಡಿ," ಅಂದ್ಲು. ಕಾದ್ಲು. ತುಂಬ ಹೊತ್ತು ಕಾದ್ಲು ಪಾಪ. "ಆಯ್ತು ಬಿಡಿ, ಅವರಿಗೇ ಹೂಂ ಅಂತೀನಿ." ಚಪ್ಪಲಿ ಸದ್ದು ದೂರವಾಯ್ತು.

ತಾಯಿ ಬಂದಾಗ ಬಾಗಿಲು ತೆಗೆದು ಕುಣಿದಾಡಿದ. "ಅವ್ವಾ! ರಾಜಮಣಿ ಬಂದಿದ್ಲು! ನೀವೇ ಸಾಕು ಅಂದ್ಲು! ಬಾಗ್ಲು ತೆಗೀರಿ ಅಂದ್ಲು! ನಾನು ತೆಗೀಲೇ ಇಲ್ಲ! ತುಟಿ ಪಿಟಕ್ ಅನ್ಲಿಲ್ಲ! ಈ ಸಲ ಸರಿಯಾಗಿ ಮಾಡ್ದೆ ಅಲ್ವೇನವ್ವಾ?"

ಸಣ್ಣತಾಯಮ್ಮ ಬೈಯೋಕೆ ಬಾಯಿ ತೆಗೆದ್ಲು. ಅವನ ಮುಖ ನೋಡಿದ್ಲು. ಅಕ್ಕಿ ಚೀಲ ಕೆಳಗಿಟ್ಟು, ಅವನ ಒದ್ದೆ ಕೆನ್ನೆ ಸೆರಗಿನಿಂದ ಒರೆಸಿದ್ಲು.

"ಸರಿಯಾಗೇ ಮಾಡ್ದೆ ಮಗ," ಅಂದ್ಲು.