ಮೊರಿತಾ ಬಿಟ್ಟುಹೋದ ವಾಚು

ತುಂಗಭದ್ರೆಯ ದಂಡೆಯಲ್ಲಿ ಒಂದು ಮಠವಿತ್ತು. ಮಠ ಅಂದ ಕೂಡಲೇ ಕಲ್ಲಿನ ಕಮಾನು, ಪಲ್ಲಕ್ಕಿ, ಆನೆ ಅಂತೆಲ್ಲ ಅಂದುಕೊಳ್ಳಬೇಡಿ. ಬಂಡೆಗಳ ನಡುವೆ ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ಬೇವಿನ ಮರ, ಅಷ್ಟೇ.

ಅಲ್ಲಿ ಮೌನೇಶಜ್ಜ ಇದ್ದರು. ಎದುರಿಗೆ ಯಾರೇ ಕೂತರೂ ಸ್ವಲ್ಪ ಕಾಡಿಸದೆ ಬಿಡುವ ಪೈಕಿ ಅಲ್ಲ ಅವರು.

ಅವರ ಶಿಷ್ಯ ಅಂಬಿಗರ ಹುಲಿಗೆಪ್ಪ. ಮಂತ್ರ ಬರದು, ಪುರಾಣ ಗೊತ್ತಿಲ್ಲ. ಆ ದಡದ ಭಕ್ತರನ್ನು ಹರಿಗೋಲಿನಲ್ಲಿ ಈ ದಡಕ್ಕೆ ತರುವುದು, ಕತ್ತಲಾಗುವ ಮೊದಲು ತಿರುಗಿ ಬಿಟ್ಟು ಬರುವುದು, ಇದೇ ಅವನ ಸೇವೆ. ಅವನ ಅಪ್ಪ ಸಾಯುವ ತನಕ ಮಾಡಿದ್ದೂ ಇದನ್ನೇ.

ದಿನಾ ಬೆಳಿಗ್ಗೆ ಮೊದಲ ಸಲ ಆಚೆ ದಡ ಮುಟ್ಟಿದಾಗ ಅಲ್ಲಿ ಆ ದಡದ ಊರಿನ ಮುದುಕಿ ಹಂಪವ್ವ, ಮಂಡಿ ನೋವಿದ್ದರೂ, ಬುಟ್ಟಿ ಹಿಡಿದು ನಿಂತಿರುತ್ತಿದ್ದಳು. ಬುಟ್ಟಿಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ. ಅಜ್ಜನ ಊಟ ಅದು. ಮಠದಲ್ಲಿ ರೊಟ್ಟಿ ಬಡಿಯುವವರು ಯಾರೂ ಇಲ್ಲ. ಗುರು ಶಿಷ್ಯ ಇಬ್ಬರಿಗೂ ಸೇರಿ ಬರುತ್ತಿದ್ದ ಅಡಿಗೆ ಅಂದರೆ ಅಂಬಲಿ ಒಂದೇ.

ಹೀಗಿರುವಾಗ, ಒಂದು ಮೈಲಿ ಮೇಲಕ್ಕೆ, ಹೊಳೆಗೆ ಸೇತುವೆ ಆಯಿತು.

ನಾಳೆ ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸುತ್ತಾರೆ ಅನ್ನುವ ದಿನ ಮೈಕಿನ ಗದ್ದಲ ಮಠದ ತನಕ ಕೇಳುತ್ತಿತ್ತು. ಹುಲಿಗೆಪ್ಪ ಬೇವಿನ ಮರದ ಕೆಳಗೆ ಮಂಡಿಗೆ ಗದ್ದ ಊರಿ ಕೂತಿದ್ದ.

“ಅಜ್ಜಾ, ನಾಳಿಯಿಂದ ನಾ ಏನ್ ಮಾಡ್ಲಿ?”

“ಇವತ್ತ ಏನ್ ಮಾಡಿದಿ?”

“ಹರಗೋಲು ಹಾಕಿದೆ.”

“ನಾಳೆನೂ ಹಾಕು.”

“ಎಲ್ಲಾರೂ ಬಸ್ಸಿನ್ಯಾಗ ಹೋಗ್ತಾರ ಅಜ್ಜಾ. ನನ್ನ ಹರಗೋಲು ಯಾವ ನಾಯಿ ಏರತೈತಿ?”

“ನಾಯಿಗೆ ಈಜು ಬರತೈತಿ. ಅದರ ಚಿಂತಿ ನಿನಗ್ಯಾಕ?”

ಬೇರೆ ದಿನವಾಗಿದ್ದರೆ ಹುಲಿಗೆಪ್ಪ ನಗುತ್ತಿದ್ದ. ಇವತ್ತು ಕಣ್ಣಲ್ಲಿ ನೀರು ಬಂತು. “ಹರಗೋಲಿಗೆ ಬೆಂಕಿ ಹಚ್ಚಿ ಎತ್ತಲಾರ ಹೋಗಿಬಿಡ್ತೀನಿ. ನಮ್ಮಪ್ಪ ಪುಣ್ಯವಂತ. ಇದನ್ನ ನೋಡ್ದಂಗ ಹ್ವಾದ.”

ಅಜ್ಜ ತಮ್ಮ ಎಡಗೈಯ ವಾಚು ಬಿಚ್ಚಿದರು.

ಆ ವಾಚನ್ನು ಹುಲಿಗೆಪ್ಪ ಹುಡುಗನಾಗಿದ್ದಾಗಿನಿಂದ ನೋಡಿದ್ದಾನೆ. ಅಜ್ಜ ಕಾವಿಯನ್ನು ಬದಲಿಸಿದ್ದುಂಟು, ಜೋಳಿಗೆಯನ್ನು ಬದಲಿಸಿದ್ದುಂಟು, ವಾಚು ಮಾತ್ರ ಅದೇ. ಅದರ ಪಟ್ಟಿ ಹರಿದಾಗ ಹಳೆ ಹರಿಗೋಲಿನ ತೊಗಲು ಕೊಯ್ದು ಹುಲಿಗೆಪ್ಪನ ಅಪ್ಪನೇ ಹೊಸ ಪಟ್ಟಿ ಹೊಲಿದುಕೊಟ್ಟಿದ್ದ.

“ತಿರುವಿ ನೋಡು.”

ಹುಲಿಗೆಪ್ಪ ತಿರುವಿದ. ಹಿಂದಿನ ಮುಚ್ಚಳದ ಮೇಲೆ ಒಂದು ಚಿತ್ರ ಕೆತ್ತಿತ್ತು. ಮೇಲೆ ಕಡಲಿನ ಅಲೆ. ಅಲೆಯ ಕೆಳಗೆ ಸುರಂಗ. ಸುರಂಗದ ಬಾಯಿಂದ ಹೊರಗೆ ಮೂತಿ ಚಾಚಿದ ರೈಲು. ಸುತ್ತ ಜಪಾನಿ ಅಕ್ಷರ. ಇಷ್ಟು ವರ್ಷ ಈ ಚಿತ್ರ ಅಜ್ಜನ ಮಣಿಕಟ್ಟಿಗೆ ಒತ್ತಿಕೊಂಡೇ ಇತ್ತು, ಹುಲಿಗೆಪ್ಪನ ಕಣ್ಣಿಗೆ ಬಿದ್ದಿರಲಿಲ್ಲ.

“ಇದು ಮೊರಿತಾನದು,” ಅಂದರು ಅಜ್ಜ. “ನಿನಗ ನೆನಪಿರಾಕಿಲ್ಲ. ಸಣ್ಣಾಂವ ಇದ್ದಿ. ಜಪಾನ್ ದೇಶದಾಂವ. ಬುದ್ಧ ಓಡಾಡಿದ ನೆಲ ನೋಡ್ತೀನಿ ಅಂತ ಬಂದಾಂವ ಎಲ್ಲೆಲ್ಲೋ ತಿರುಗಿ ಇಲ್ಲಿಗೆ ಬಂದು ಮುಟ್ಟಿದ. ಬುದ್ಧ ಇತ್ಲಾಗ ಬಂದಿದ್ನೋ ಇಲ್ಲೋ, ಮೊರಿತಾ ಅಂತೂ ಬಂದ.”

“ಏನ್ ಕೆಲಸ ಅಂವಂದು?”

“ನಿನ್ನದ.”

ಹುಲಿಗೆಪ್ಪ ತಲೆ ಎತ್ತಿದ.

“ಅಂವನೂ ಅಂಬಿಗ. ಆದ್ರ ಅಂವಂದು ಹರಗೋಲಲ್ಲ, ದೊಡ್ಡ ಹಡಗ. ಈ ನಡುಗಡ್ಡಿಯಿಂದ ಆ ನಡುಗಡ್ಡಿಗೆ ಮಂದೀನ ದಾಟಿಸ್ತಿದ್ದ. ನನಗ ಅಂವನ ಭಾಷಾ ಬರೂದಿಲ್ಲ, ಅಂವಗ ನನ್ನದು ಬರೂದಿಲ್ಲ. ಅಕಾ, ಅಲ್ಲಿ ಉಸುಕಿನ ಮ್ಯಾಗ ಬರದು ತೋರಿಸಿದ. ಎರಡು ನಡುಗಡ್ಡಿ ಬರದ. ನಡುವ ಹಡಗ ಬರದ. ಆಮ್ಯಾಲ ಹಡಗಿನ ಬುಡಕ್ಕ ಬೆರಳಿಂದ ಒಂದು ಉದ್ದನ ಗೆರಿ ಎಳದ. ಸುರಂಗ ಅದು. ಕಡಲಿನ ಕೆಳಗ ರೈಲು ಬಿಟ್ರಂತ. ಗೆರಿ ಎಳದು ಮುಗಿಸಿ, ಅಂಗೈಲೆ ಹಡಗು ಅಳಿಸಿದ.”

ಅಜ್ಜ ಉಸುಕಿನ ಕಡೆ ನೋಡುತ್ತಿದ್ದರು. ಮೊರಿತಾನ ಕೈ ಇನ್ನೂ ಅಲ್ಲೇ ಆಡುತ್ತಿದೆಯೇನೋ ಅನ್ನುವ ಹಾಗೆ.

“ರೈಲು ಶುರುವಾದ ದಿನದ ನೆನಪಿಗಂತ ಈ ವಾಚು ಮಾಡಿದ್ರು. ಹಡಗಿನವರಿಗೂ ಒಂದೊಂದು ಕೊಟ್ರಂತ. ಇದನ್ನೂ ಕೈಸನ್ನಿಲೆ ತಿಳಿಸಿದ.”

“ಅನ್ನ ಕಸ್ಗೊಂಡ ರೈಲಿನ ಚಿತ್ರ ಕೆತ್ತಿ, ಕೈಗೆ ಕಟ್ಟಾಕ ಕೊಟ್ರಾ?” ಹುಲಿಗೆಪ್ಪನಿಗೆ ಮೈಯೆಲ್ಲ ಉರಿಯಿತು. “ನಾ ಆಗಿದ್ರ ಅವರ ಎದುರಿಗೇ ಕಡಲಿಗೆ ಒಗೀತಿದ್ದೆ!”

“ಅಂವಗೂ ಹಂಗ ಅನಿಸಿತ್ತಂತ. ಒಗದಂಗ ಕೈ ಮಾಡಿ ತೋರಿಸಿದ.”

“ಮತ್ಯಾಕ ಒಗೀಲಿಲ್ಲ?”

“ಅದನ್ನ ನಾ ಕೇಳ್ಲಿಲ್ಲ. ಮರುದಿನ ನಿಮ್ಮಪ್ಪನ ಹರಗೋಲು ಹತ್ತಿದ್ವಿ, ಆಕಡೆ ದಡಕ್ಕ ಹೋಗಾಕ. ನಡು ಹೊಳ್ಯಾಗ ಮೊರಿತಾ ನಿಮ್ಮಪ್ಪಗ ಕೈ ಮುಗದು ಹುಟ್ಟು ಇಸ್ಕೊಂಡ. ಅಯ್ಯಯ್ಯ, ಅಷ್ಟು ದೊಡ್ಡ ಹಡಗು ನಡಿಸಿದಾಂವ, ಹರಗೋಲು ಗರಗರ ತಿರುಗಿಸಿಬಿಟ್ಟ! ನಾ ಗಟ್ಟಿಯಾಗಿ ಅಂಚು ಹಿಡ್ಕೊಂಡೆ. ನಿಮ್ಮಪ್ಪ ನಕ್ಕು ನಕ್ಕು ನೀರಿಗೆ ಬೀಳೂದೊಂದು ಬಾಕಿ.”

ಅಪ್ಪನ ಆ ನಗು ಹುಲಿಗೆಪ್ಪನಿಗೂ ಕೇಳಿದಂತಾಯಿತು. ಮುಂದಿನ ಎರಡು ಹಲ್ಲು ಬಿದ್ದ ಬಾಯಿ, ಹೆಗಲ ಮೇಲಿನ ಕೆಂಪು ಟವೆಲ್ಲು, ಎಲ್ಲ ಕಣ್ಮುಂದೆ ಬಂತು. ಎಷ್ಟು ದಿನವಾಗಿತ್ತು ಅಪ್ಪ ಹೀಗೆ ಎದುರಿಗೆ ಬಂದು!

“ನಗು ನಿಂತ ಮ್ಯಾಲ ಮೊರಿತಾ ಹುಟ್ಟು ತೊಡಿ ಮ್ಯಾಗ ಇಟ್ಕೊಂಡು ಅಳಾಕತ್ತಿದ. ಏನೋ ಕೇಳಿದ. ಅಂವನ ಮಾತು ತಿಳೀಲಿಲ್ಲ, ಕೇಳಿದ್ದು ತಿಳೀತು. ನೀ ಈಗ ಕೇಳಿದ್ಯಲ್ಲ, ನಾಳಿಯಿಂದ ಏನ್ ಮಾಡ್ಲಿ ಅಂತ. ಅದ.”

“ನೀವೇನಂದ್ರಿ ಅಜ್ಜಾ?”

“ಅದನ್ನ ನೀರಿನ ಮ್ಯಾಗ ಹೇಳಿದ್ದೆ. ಇಲ್ಲಿ ನೆಲದ ಮ್ಯಾಗ ಕುಂತು ಹೇಳಿದ್ರ ನಿನಗ ತಿಳಿಯಂಗಿಲ್ಲ.”

ಅಜ್ಜ ವಾಚನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ಮೊರಿತಾ ಹೋಗುವಾಗ ನನಗ ಕೊಟ್ಟ. ನನ್ನ ಕೈ ಸೋತಾವು. ಇನ್ನ ನೀ ಕಟ್ಕೊ. ಚಾವಿ ಕೊಡೂದು ಬ್ಯಾಡ, ಶೆಲ್ ಹಾಕೂದು ಬ್ಯಾಡ. ಕಟ್ಕೊಂಡ್ರ ಸಾಕು.”

ಹುಲಿಗೆಪ್ಪ ಹರಿಗೋಲಿಗೆ ಬೆಂಕಿ ಹಚ್ಚಲಿಲ್ಲ. ಎತ್ತಲೂ ಹೋಗಲಿಲ್ಲ. ಅಜ್ಜನ ಕೈಯಲ್ಲಿದ್ದ ವಾಚು ಕಟ್ಟಿಕೊಳ್ಳುವಷ್ಟು ದೊಡ್ಡವನೇ ತಾನು? ಕಟ್ಟಿಕೊಂಡರೆ ನೀರು ತಾಗುತ್ತದೆ, ಬಂಡೆಗೆ ಉಜ್ಜುತ್ತದೆ. ಗೋಡೆಯೊಳಗಿನ ದೇವರ ಮಾಡದಲ್ಲಿ ಕೆಂಪು ಬಟ್ಟೆ ಹಾಸಿ ಅದರ ಮೇಲಿಟ್ಟ. ವಿಭೂತಿ ಹಚ್ಚಿದ, ಕಣಗಿಲೆ ಹೂವಿಟ್ಟ.

ಮರುದಿನ ಸೇತುವೆಯ ಕಡೆಯಿಂದ ಪಟಾಕಿ ಸದ್ದು ಕೇಳಿದಾಗ ಹರಿಗೋಲನ್ನು ದಡಕ್ಕೆ ಎಳೆದು ಬೇವಿನ ಮರದ ಕೆಳಗೆ ಬೋರಲು ಹಾಕಿದ. ಅದಕ್ಕೂ ವಿಭೂತಿ, ಅದಕ್ಕೂ ಹೂವು.

“ಇನ್ನ ಇದನ್ನ ನೀರಿಗೆ ಇಳಸಂಗಿಲ್ಲ ಅಜ್ಜಾ. ಇದು ನಮ್ಮಪ್ಪನ ನೆನಪು.”

“ಹೂಂ,” ಅಂದರು ಅಜ್ಜ.

ಆಮೇಲೆ ಹುಲಿಗೆಪ್ಪ ಹೊಳೆಯ ಕಡೆ ಮುಖ ಹಾಕಲಿಲ್ಲ. ಬೆಳಿಗ್ಗೆ ಎದ್ದು ಎರಡು ಕಡೆ ಪೂಜೆ ಮಾಡುವುದು, ಅಂಬಲಿ ಕಾಯಿಸುವುದು, ಅಜ್ಜನ ಮುಂದೆ ಇಡುವುದು, ಮರಕ್ಕೆ ಒರಗಿ ಕೂರುವುದು. ಅಜ್ಜ ಅಂಬಲಿ ಕುಡಿಯುತ್ತಿದ್ದರು.

ಹೀಗೇ ಕೆಲವು ದಿನ ಹೋದವು. ಒಂದು ಬೆಳಿಗ್ಗೆ ಹೂವು ಬದಲಿಸಲು ಹೋದವನು ವಾಚನ್ನು ಕಿವಿಗೆ ಹಿಡಿದ.

ಸದ್ದೇ ಇಲ್ಲ.

ಮುಳ್ಳು ನಿಂತಿತ್ತು. ಇಷ್ಟು ವರ್ಷ ಅಜ್ಜನ ಕೈಯಲ್ಲಿ ಓಡಿದ್ದು, ಸಮುದ್ರ ದಾಟಿ ಬಂದಿದ್ದು, ತನ್ನ ಕೈಗೆ ಬಂದ ಕೆಲವೇ ದಿನಕ್ಕೆ ಸತ್ತುಹೋಯಿತು. ಅಜ್ಜನಿಗೆ ಹೇಗೆ ಮುಖ ತೋರಿಸುವುದು? ಆ ಮೊರಿತಾ ಬದುಕಿದ್ದಾನೋ ಇಲ್ಲವೋ. ಅವನ ನೆನಪು ಅಂತ ಉಳಿದದ್ದು ಇದೊಂದೇ.

ಓಡಿ ಬಂದು ಅಜ್ಜನ ಕಾಲ ಬಳಿ ಕುಸಿದ.

“ತಪ್ಪಾತ್ರಿ ಅಜ್ಜಾ. ವಾಚು ಹಾಳು ಮಾಡಿಬಿಟ್ಟೆ.”

“ಏನ್ ಮಾಡಿದಿ?”

“ಏನೂ ಮಾಡಿಲ್ರಿ! ನಿಮ್ಮ ಪಾದದಾಣಿ, ಹೂವು ಬದಲಿಸೂದು ಬಿಟ್ರ ಮುಟ್ಟೇ ಇಲ್ಲ.”

“ಕಟ್ಕೊಂಡಿದ್ದೇನು?”

“ಛೇ ಛೇ! ನಿಮ್ಮ ವಾಚು ನಾ ಕಟ್ಕೊತೀನೇನ್ರಿ? ದೇವರ ಮಾಡದಾಗ ಇಟ್ಟಿದ್ದೆ.”

ಅಜ್ಜ ನಗತೊಡಗಿದರು. ಕೆಮ್ಮು ಬರುವ ತನಕ ನಕ್ಕರು. ಹುಲಿಗೆಪ್ಪ ಬೆಪ್ಪಾಗಿ ನೋಡುತ್ತಿದ್ದ.

“ಕೈ ಚಾಚು,” ಅಂದರು.

ಅವನ ಎಡಗೈಗೆ ತಾವೇ ವಾಚು ಕಟ್ಟಿದರು. ಅಪ್ಪ ಹೊಲಿದ ಪಟ್ಟಿ. ಅವನದೇ ಅಳತೆಗೆ ಹೊಲಿದಂತೆ ಕೂತಿತು.

“ಹುಲಿಗೆಪ್ಪಾ, ನಾವು ರೊಟ್ಟಿ ತಿಂದು ಎಷ್ಟು ದಿನಾತು?”

ಇದೇನು ಈಗ ರೊಟ್ಟಿಯ ಮಾತು ಅಂತ ಹುಲಿಗೆಪ್ಪನಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹಂಪವ್ವ! ಅವಳ ಮಂಡಿ ನೋವಿಗೆ ಸೇತುವೆ ತನಕ ನಡೆಯುವುದು ಎಲ್ಲಿಂದ ಬಂತು? ಅವಳಿಗೆ ಬೇಕಿದ್ದದ್ದು ಬಸ್ಸಲ್ಲ, ಹರಿಗೋಲು.

“ಅಕಿ ಬರೂದು ಬಿಟ್ಟಿರಬೇಕು ಅಜ್ಜಾ...”

“ಬಂಡಿ ಮ್ಯಾಗ ಹತ್ತಿ ನೋಡು.”

ಬಂಡೆ ಹತ್ತಿ ನೋಡಿದ. ಆಚೆ ದಡದಲ್ಲಿ, ಹರಿಗೋಲು ಮುಟ್ಟುತ್ತಿದ್ದ ಜಾಗದಲ್ಲೇ, ಬುಟ್ಟಿ ಹಿಡಿದು ಹಂಪವ್ವ ನಿಂತಿದ್ದಳು.

“ದಿನಾ ಬರತಾಳ,” ಅಂದರು ಅಜ್ಜ. “ಬಿಸಲು ಏರೂ ತನಕ ನಿಂತು ಹೋಗತಾಳ.”

ಹುಲಿಗೆಪ್ಪನಿಗೆ ಅಳು ತಡೆಯಲಾಗಲಿಲ್ಲ. “ನೀವ್ಯಾಕ ಹೇಳ್ಲಿಲ್ಲ ಅಜ್ಜಾ? ದಿನಾ ಬರೇ ಅಂಬಲಿ ಕುಡದ್ರಲ್ಲ!”

“ನೀ ಪೂಜಾಕ್ಕ ಕುಂತಿದ್ದಿ. ಪೂಜಾದ ನಡುವ ಮಾತಾಡ್ಸಬಾರದಲ್ಲ?”

ಇನ್ನು ಹೇಳುವುದೇನಿದೆ? ಹುಲಿಗೆಪ್ಪ ಹೂವು ಕೊಡವಿ ಹಾಕಿ ಹರಿಗೋಲು ತಿರುವಿದ. ನೀರಿಗೆ ಎಳೆದ. ಅಜ್ಜ ಕೋಲೂರಿಕೊಂಡು ಬಂದರು.

“ನಾನೂ ಬರ್ತೀನಿ. ಹೊಳಿ ದಾಟಿ ಭಾಳ ದಿನಾತು.”

ಅಜ್ಜನನ್ನು ಎತ್ತಿ ಕೂರಿಸಿ ಹುಟ್ಟು ಹಿಡಿದ. ತೋಳಿಗೆ ಹಳೆಯ ವರಸೆ ತಾನಾಗಿ ಬಂತು. ಬಂಡೆಗಳ ಸಂದಿಯಿಂದ ಹರಿಗೋಲು ತಿರುಗುತ್ತ ಹೊರಬಿದ್ದು ನಡು ಹೊಳೆಗೆ ಬಂತು. ದೂರದ ಸೇತುವೆಯ ಮೇಲೆ ಒಂದು ಬಸ್ಸು ಹೋಗುತ್ತಿತ್ತು. ಅದನ್ನು ನೋಡಿಯೂ ಹುಲಿಗೆಪ್ಪನಿಗೆ ಸಿಟ್ಟು ಬರಲಿಲ್ಲ. ಅವನಿಗೇ ಆಶ್ಚರ್ಯವಾಯಿತು.

ಎಡಗೈಯಲ್ಲಿ ಏನೋ ಸಣ್ಣಗೆ ಮಿಡಿದಂತಾಯಿತು. ಹುಟ್ಟು ನಿಲ್ಲಿಸಿ ಕಿವಿಗೆ ಹಿಡಿದ.

ಟಿಕ್ ಟಿಕ್ ಟಿಕ್.

“ಅಜ್ಜಾ! ಓಡಾಕತ್ತೈತಿ!”

“ಅದು ಕೈ ಆಡಿದ್ರ ಓಡೂ ವಾಚು. ಮಾಡದಾಗ ಇಟ್ರ ಹ್ಯಾಂಗ ಓಡೀತು?”

ಹುಲಿಗೆಪ್ಪ ವಾಚನ್ನು ನೋಡಿದ, ನೀರನ್ನು ನೋಡಿದ. ಇದೇ ನಡು ಹೊಳೆಯಲ್ಲಿ ಅಪ್ಪ ಎಲ್ಲಿ ಕೂತಿದ್ದನೋ, ಆ ಮೊರಿತಾ ಎಲ್ಲಿ ಅತ್ತಿದ್ದನೋ.

“ಈಗ ನೀರಿನ ಮ್ಯಾಗ ಅದೀವಿ ಅಜ್ಜಾ. ಈಗಾರ ಹೇಳ್ರಿ. ಅವತ್ತ ಮೊರಿತಾಗ ಏನಂದ್ರಿ?”

ಅಜ್ಜ ಆಚೆ ದಡದ ಕಡೆ ಕೈ ತೋರಿಸಿದರು. ಹಂಪವ್ವ ಇವರನ್ನು ಕಂಡು ಬುಟ್ಟಿ ಎತ್ತಿ ಸೊಂಟಕ್ಕೆ ಏರಿಸಿಕೊಳ್ಳುತ್ತಿದ್ದಳು.

“ಅವತ್ತೂ ಅಕಿ ಅಲ್ಲೇ ನಿಂತಿದ್ಲು, ಹಿಂಗ. ‘ರೊಟ್ಟಿ ಆರಾಕತ್ತಾವ, ಹುಟ್ಟು ಹಾಕು’ ಅಂದೆ.”