ಕೆಂಪು ಆರಿದ ಮೇಲೆ

ಹೊಳೆಯ ದಂಡೆಯ ಆಶ್ರಮದಲ್ಲಿ ಚೌಡವ್ವ ಎಂಬ ಗುರು ಇದ್ದಳು. ಮಡಕೆ ಮಾಡುವುದೇ ಅವಳು ಕಲಿಸುತ್ತಿದ್ದ ಸಾಧನೆ.

ಶಿಷ್ಯ ಬೀರಣ್ಣ ದೊಡ್ಡದೊಂದು ಗುಡಾಣ ಮಾಡಿ ಆವಿಗೆಯಲ್ಲಿ ಸುಡಲು ಇಟ್ಟಿದ್ದ. ಅದು ಬಿರುಕಿಲ್ಲದೆ ಹೊರಬಂದರೆ ಆವಿಗೆ ಅವನದು ಎಂದಿದ್ದಳು ಚೌಡವ್ವ. ಒಡೆದರೆ ಮತ್ತೆ ಮಣ್ಣು ತುಳಿಯುವ ಕೆಲಸ.

ಉರಿ ನಿಂತಿತು. ಆವಿಗೆಯ ಗಂಡಿಯಲ್ಲಿ ಕಾಣುತ್ತಿದ್ದ ಕೆಂಪು ಮಂಕಾಯಿತು. ಆಮೇಲೆ ಆರಿತು.

"ಅಪಾಯ ಕಳೆಯಿತು ಅವ್ವ. ಬಾಗಿಲು ತೆಗೆಯಲೇ?"

"ಕಳೆದಿಲ್ಲ. ಈಗ ಬಂದಿದೆ."

"ಕೆಂಪು ಹೋಯಿತಲ್ಲ."

"ಕೆಂಪಿದ್ದರೆ ಎಳೆಮಗುವೂ ಕೈ ಹಾಕುವುದಿಲ್ಲ. ಅಷ್ಟಕ್ಕೆ ಗುರು ಯಾಕೆ ಬೇಕು?"

ಅವಳು ಕೊಡ ಹಿಡಿದು ಹೊಳೆಗೆ ಇಳಿದಳು. ಅವಳ ಬೆನ್ನು ಮರೆಯಾದದ್ದೇ ತಡ, ಬೀರಣ್ಣ ಬಾಗಿಲಿಗೆ ಪೇರಿಸಿದ್ದ ಇಟ್ಟಿಗೆಗಳಲ್ಲಿ ಒಂದನ್ನು ಇಕ್ಕಳದಿಂದ ಎಳೆದ. ತಣ್ಣನೆಯ ಗಾಳಿ ಒಳಗೆ ನುಗ್ಗಿತು.

ಒಳಗೆ ಟಿಣ್ ಎಂದಿತು.

ಮರಳಿ ಬಂದ ಚೌಡವ್ವ ಬೈಯಲಿಲ್ಲ. ಇಟ್ಟಿಗೆಯನ್ನು ಮತ್ತೆ ತುರುಕಿ, ಸಂದಿಗೆ ಹಸಿಮಣ್ಣು ಮೆತ್ತಿದಳು.

"ಅದೇನು ಸದ್ದು ಅವ್ವ?"

"ಮಣ್ಣಿಗೆ ಬೆಣಚುಕಲ್ಲಿನ ಪುಡಿ ಬೆರೆಸಿದ್ದೆಯಲ್ಲ. ಕಾವು ಏರಿದಾಗ ಆ ಕಲ್ಲು ಕರಗದೆಯೇ ಒಳಗೊಳಗೆ ಬೇರೆ ರೂಪಕ್ಕೆ ಹೊರಳಿ ಹಿಗ್ಗುತ್ತದೆ. ಇಳಿಯುವಾಗ, ಸರಿಯಾಗಿ ಕೆಂಪು ಆರುವ ಹೊತ್ತಿಗೆ, ಹಳೆಯ ರೂಪಕ್ಕೆ ಹೊರಳಿ ಕುಗ್ಗುತ್ತದೆ. ಎಲ್ಲ ಕಡೆ ಒಟ್ಟಿಗೆ ಹೊರಳಿದರೆ ಗುಡಾಣ ತಾಳುತ್ತದೆ. ಒಂದು ಪಕ್ಕ ಮೊದಲು ತಣಿದರೆ ಸೀಳುತ್ತದೆ."

"ಹಾಗಾದರೆ ಸೀಳಿಬಿಟ್ಟಿತೋ ಏನೋ. ಒಂದೇ ಒಂದು ಸಲ ನೋಡುತ್ತೇನೆ."

"ಸೀಳಿರದಿದ್ದರೆ, ನೀನು ನೋಡಿದಾಗ ಸೀಳುತ್ತದೆ."

ಬೀರಣ್ಣ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕುಳಿತ. ಹೊರಗಿನ ಇಟ್ಟಿಗೆ ಚಟ್ ಎಂದರೂ ಬೆಚ್ಚಿದ. ಬಾಗಿಲಿನಿಂದ ಕಣ್ಣು ಕೀಳಲಿಲ್ಲ.

"ಉಸಿರಾದರೂ ಬಿಡು ಮಾರಾಯ," ಎಂದಳು ಚೌಡವ್ವ, ಎಲೆಗೆ ಸುಣ್ಣ ಹಚ್ಚುತ್ತ. "ನಿನ್ನ ಉಸಿರಿಗೆ ಅದು ತಣಿಯುವುದಿಲ್ಲ."

ಅವನು ನಗಲಿಲ್ಲ. ಕರೆದರೆ ಊಟಕ್ಕೂ ಏಳಲಿಲ್ಲ.

ಮರುದಿನ ಬೆಳಗ್ಗೆ ಚೌಡವ್ವ ಬಾಗಿಲು ಮುಟ್ಟಿ ನೋಡಿದಳು.

"ತಣಿದಿದೆ. ತೆಗೆ."

ಬೀರಣ್ಣ ಇಕ್ಕಳ ಎತ್ತಿಕೊಂಡ. ಬಗ್ಗಿ, ಕೆಳಗಿನ ಇಟ್ಟಿಗೆ ಸಾಲಿಗೆ ಅಂಗೈ ಒತ್ತಿದ. ಬಹಳ ಹೊತ್ತು ಹಾಗೇ ಇದ್ದ. ಇಕ್ಕಳವನ್ನು ನೆಲಕ್ಕಿಟ್ಟ.

"ಬುಡ ಇನ್ನೂ ಬೆಚ್ಚಗಿದೆ ಅವ್ವ. ಇರಲಿ."

"ಒಡೆದಿದೆಯೋ ಇಲ್ಲವೋ ನಿನಗೆ ತಿಳಿಯಬೇಡವೇ?"

"ಬೇಕು. ಆದರೆ ಇರಲಿ."

ಚೌಡವ್ವ ಸೆರಗು ಕೊಡವಿ ಎದ್ದಳು.

"ಇನ್ನು ಮುಂದೆ ಯಾವಾಗ ತೆಗೆಯಬೇಕೆಂದು ನನ್ನನ್ನು ಕೇಳಬೇಡ."